ಸ್ಕೋರ್ ಬರೆಯೋಕೆ ಕೂರಿಸಬೇಡಿ

ಪ್ರಶ್ನೆ: ನಾನು ಮುಂದೆ ಪಿ.ಟಿ. ಮೇಷ್ಟ್ರಾಗುವವರಿಗೆ ತರಬೇತಿ ಕೊಡುತ್ತೇನೆ. ಅಂಗವೈಕಲ್ಯ ಇರುವ ಮಕ್ಕಳ ಬಗ್ಗೆ ಒಂದು ಪೇಪರ್ ಇದೆ, ಎಲ್ಲರೂ ಪಾಸಾಗುತ್ತಾರೆ. ಆದರೆ ಶಾಲೆಗೆ ಪಾಠ ಮಾಡಲು ಹೋದಾಗ ವೀಲ್‌ಚೇರ್‌ನಲ್ಲಿರುವ ಮಗುವಿನ ಕೈಗೆ ಸ್ಕೋರ್ ಪುಸ್ತಕ ಕೊಟ್ಟು ಬದಿಗೆ ಕೂರಿಸುತ್ತಾರೆ. ಕೇಳಿದರೆ ‘ಪೆಟ್ಟಾದರೆ ಏನು ಗತಿ ಸರ್?’ ಅನ್ನುತ್ತಾರೆ. ಒಂದು ದಿನ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಆಡಿಸೋಣ ಅಂತಿದ್ದೇನೆ. ಸಾಕಾಗುತ್ತಾ?

ಉತ್ತರ: ಸಾಕಾಗುವುದಿಲ್ಲ. ಬಟ್ಟೆ ಕಟ್ಟಿಕೊಂಡ ಹತ್ತು ನಿಮಿಷದಲ್ಲಿ ಗೊತ್ತಾಗುವುದು ತಡಕಾಡುವ ಭಯ ಮಾತ್ರ. ಹುಟ್ಟಿನಿಂದ ಕಣ್ಣು ಕಾಣದ ಮಗು ಸದ್ದು ಕೇಳಿಸಿಕೊಂಡು, ಕಾಲಡಿಯ ನೆಲ ಗುರುತು ಹಿಡಿದು ಓಡಾಡುವುದನ್ನು ವರ್ಷಗಟ್ಟಲೆ ಕಲಿತಿರುತ್ತದೆ, ಅದು ನಿಮ್ಮವರಿಗೆ ಕಾಣುವುದೇ ಇಲ್ಲ. ಬಟ್ಟೆ ಬಿಚ್ಚಿದ ಮೇಲೆ ‘ಪಾಪ’ ಅನ್ನುವ ಮಾತೊಂದೇ ಉಳಿಯುತ್ತದೆ. ಕಟ್ಟಲೇಬೇಕು ಅಂದರೆ ಗೋಲ್‌ಬಾಲ್ ಆಡಿಸಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ ಅದು. ತಂಡಕ್ಕೆ ಮೂವರು, ಚೆಂಡಿನೊಳಗೆ ಗೆಜ್ಜೆ, ಚೆಂಡು ಉರುಳುವಾಗ ನೋಡುವವರೂ ಬಾಯಿ ಬಿಡುವಂತಿಲ್ಲ. ಕಣ್ಣು ಕಾಣದ ಆಟಗಾರರ ಎದುರು ಆಡಿ ನಾಲ್ಕು ಗೋಲು ಹೊಡೆಸಿಕೊಳ್ಳಲಿ. ಕನಿಕರ ಹೋಗಿ ಮರ್ಯಾದೆ ಬರುತ್ತದೆ.

ಆದರೆ ನಿಜವಾಗಿ ಬೇಕಾದದ್ದು ಬೇರೆ. ಒಬ್ಬ ತರಬೇತಿ ವಿದ್ಯಾರ್ಥಿ, ಒಂದೇ ಮಗು, ಎಂಟು ಹತ್ತು ವಾರ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ ಹುಡುಗನೊಬ್ಬನಿಗೆ ಚೆಂಡು ಎಸೆಯಲು ಕಲಿಸುತ್ತಿದ್ದ ವಿದ್ಯಾರ್ಥಿನಿಯನ್ನು ನಾನು ನೋಡಿದ್ದೇನೆ. ಚೆಂಡು ಕೈಬಿಡಲು ಅವನಿಗೆ ಐದಾರು ಸೆಕೆಂಡ್ ಬೇಕಿತ್ತು. ಈಕೆ ಎರಡಕ್ಕೇ ತಾಳ್ಮೆ ಕಳೆದುಕೊಂಡು ಅವನ ಬೆರಳು ಬಿಡಿಸಲು ಹೋದಳು, ಅವು ಇನ್ನೂ ಬಿಗಿಯಾದವು. ಮೂರನೇ ವಾರ ಕೈ ಹಿಂದೆ ಕಟ್ಟಿಕೊಂಡು ಸುಮ್ನೆ ನಿಂತಳು. ಚೆಂಡು ತಾನಾಗಿಯೇ ಉರುಳಿತು. ‘ಇನ್ನೊಂದ್ಸಲ’ ಅಂದ ಹುಡುಗ. ಆ ನಿಲ್ಲುವುದನ್ನು ಯಾವ ಪೇಪರ್ ಕಲಿಸುತ್ತದೆ ಹೇಳಿ?

ಆಟ ಬದಲಿಸುವುದಕ್ಕೆ ನಾಲ್ಕು ದಾರಿ ಇವೆ: ಜಾಗ, ಮಾಡಬೇಕಾದ ಕೆಲಸ, ಸಾಮಾನು, ಜೊತೆಗಾರರು. ಒಂದನ್ನು ಬದಲಿಸಿ ನೋಡಲಿ, ಆಗದಿದ್ದರೆ ಇನ್ನೊಂದು. ವೀಲ್‌ಚೇರ್ ಟೆನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿಯಬಹುದು, ನೋಡಿ, ಅಷ್ಟಕ್ಕೇ ಆಟ ಆಡುವ ಹಾಗಾಯಿತು. ಕಿವಿ ಕೇಳದ ಮಗುವಿಗೆ ಸೀಟಿ ಉಪಯೋಗವಿಲ್ಲ, ಬಾವುಟ ಎತ್ತಿ. ಮತ್ತೆ ಏನು ಬದಲಿಸಬೇಕು ಅಂತ ಮೊದಲು ಮಗುವನ್ನೇ ಕೇಳಲಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಪೆಟ್ಟಿನ ಭಯ ತಪ್ಪಲ್ಲ. ಆದರೆ ಯಾರಿಗೆ ಯಾವುದು ಅಪಾಯ ಅಂತ ಗೊತ್ತಿಲ್ಲದಾಗ ಎಲ್ಲವೂ ಅಪಾಯವಾಗಿ ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ. ಹಾಗಾಗಿ ಲಾಗ ಹಾಕಿಸುವ ಮೊದಲು ಡಾಕ್ಟರನ್ನು ಕೇಳಬೇಕು. ಫಿಟ್ಸ್ ಬರುವ ಮಗು ಈಜುವಾಗ ಒಬ್ಬರು ಅದರ ಮೇಲೇ ಕಣ್ಣಿಟ್ಟಿರಬೇಕು. ಇಂಥವನ್ನು ಬಿಡಿಬಿಡಿಯಾಗಿ ಕಲಿಸಿ.

ಇನ್ನು ಅಂಕ ನಿಮ್ಮ ಕೈಯಲ್ಲಿದೆ ಅಲ್ವಾ? ಪಾಠದ ಯೋಜನೆ ಎಷ್ಟು ಚೆಂದ ಬರೆದಿದ್ದಾರೆ ಅನ್ನುವುದಕ್ಕೆ ಕೊಡಬೇಡಿ. ಮುಂದಿನ ಸಲ ಮೈದಾನದ ಅಂಚಿನಲ್ಲಿ ಗಡಿಯಾರ ಹಿಡಿದು ನಿಂತು, ಆ ಮಗು ಎಷ್ಟು ನಿಮಿಷ ಆಟದೊಳಗಿತ್ತು ಅಂತ ಬರೆದುಕೊಳ್ಳಿ. ಅಂಕ ಅದಕ್ಕೆ ಕೊಡಿ.