ಆದಾಯ ಗೊತ್ತಾದರೆ ಸಾಕೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ನಗರ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. 'ವರ್ಗ ಎನ್ನುವುದು ಕಾರ್ಖಾನೆ ಕಾಲದ ಮಾತು. ಆನ್‌ಲೈನ್ ಫಾರಂ ಹಂಚಿ ಆದಾಯ ಕೇಳಿದರೆ ನಗರದ ಚಿತ್ರ ಸಿಗುತ್ತದೆ. ಆ ಹಳೇ ಸರಕು ಇನ್ನೂ ಯಾಕೆ?' ಎಂದು ಕೇಳಿದ್ದೀರಿ. ವರ್ಗ, ಅಂದರೆ ಕೆಲಸ, ಆಸ್ತಿ ನೋಡಿ ಜನರನ್ನು ಗುರುತಿಸುವ ಲೆಕ್ಕ, ಇನ್ನೂ ಬೇಕು ಎಂದೇ ನನ್ನ ಉತ್ತರ. ಆದರೂ ನಿಮ್ಮ ತಕರಾರಿನಲ್ಲಿ ಹುರುಳಿದೆ.

ಕೈಗೆ ಎಷ್ಟು ಬರುತ್ತದೆ ಎಂದು ಆದಾಯ ಹೇಳುತ್ತದೆ. ಯಾರಿಂದ, ಯಾವ ಷರತ್ತಿನ ಮೇಲೆ ಬರುತ್ತದೆ ಎಂದು ಹೇಳುವುದಿಲ್ಲ. ತಿಂಗಳಿಗೆ ಒಂದೇ ಮೊತ್ತ ಬರುವ ಇಬ್ಬರನ್ನು ನೋಡಿ. ಒಬ್ಬರಿಗೆ ಬರುವುದು ಎರಡು ಮನೆಗಳ ಬಾಡಿಗೆ. ಇನ್ನೊಬ್ಬರದು ದಿನಗೂಲಿ, ಅದರಲ್ಲೇ ಬಾಡಿಗೆಯೂ ಕಟ್ಟಬೇಕು. ಆ ಬೀದಿಯ ಬೆಲೆ ಏರಿದರೆ ಮೊದಲನೆಯವರಿಗೆ ಲಾಭ. ಎರಡನೆಯವರಿಗೆ ಮನೆ ಖಾಲಿ ಮಾಡುವ ಚಿಂತೆ. ನಿಮ್ಮ ಪಟ್ಟಿಯಲ್ಲಿ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿರುತ್ತಾರೆ.

ಲಂಡನ್ನಿನ ಕಾರ್ಮಿಕರ ಬಡಾವಣೆಗಳಿಗೆ ಮಧ್ಯಮ ವರ್ಗದವರು ಬಂದು ಸೇರಿಕೊಂಡು, ಹಳಬರು ಜಾಗ ಬಿಡಬೇಕಾಗಿ ಬಂದದ್ದನ್ನು 1964ರಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 'ಜೆಂಟ್ರಿಫಿಕೇಶನ್' ಎಂದು ಕರೆದರು. ಸರಾಸರಿ ಆದಾಯವನ್ನಷ್ಟೇ ನೋಡಿದರೆ ಇಂಥ ಬಡಾವಣೆ ಉದ್ಧಾರವಾದಂತೆ ಕಾಣುತ್ತದೆ. ಉದ್ಧಾರವಾದವರು ಬೇರೆ ಜನ, ಅಲ್ವಾ?

ಹಾಗಂತ ವರ್ಗವನ್ನು ಹಣೆಪಟ್ಟಿ ಮಾಡಿದರೂ ಕೆಡುತ್ತದೆ. ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ 1889ರಲ್ಲಿ ಪ್ರಕಟಿಸಿದ ಬಡತನದ ನಕ್ಷೆಯಲ್ಲಿ ಲಂಡನ್ನಿನ ಬೀದಿಗಳಿಗೆ ಬಣ್ಣ ಬಳಿದಿದ್ದರು. ಶ್ರೀಮಂತರಿಗೆ ಹಳದಿ, ತೀರಾ ಕೆಳಗಿನವರಿಗೆ ಕಪ್ಪು. ಕಪ್ಪಿನ ಪಕ್ಕದ ವಿವರಣೆಯಲ್ಲಿ 'ದುಷ್ಟರು, ಅರೆ ಅಪರಾಧಿಗಳು' ಎಂದೂ ಇತ್ತು! ಬಡತನ ಅಳೆಯಲು ಹೊರಟವರು ನಡತೆಗೂ ಅಂಕ ಕೊಟ್ಟುಬಿಟ್ಟರು.

ನಿಮ್ಮ ತಕರಾರಿಗೆ ಬಲ ಕೊಡುವ ಉದಾಹರಣೆ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನದು. ಅಲ್ಲಿನ ಸ್ಪಾರ್ಕ್‌ಬ್ರೂಕ್ ಬಡಾವಣೆಯ ಬಗ್ಗೆ ಸಮಾಜಶಾಸ್ತ್ರಜ್ಞರಾದ ಜಾನ್ ರೆಕ್ಸ್ ಮತ್ತು ರಾಬರ್ಟ್ ಮೂರ್ 1967ರಲ್ಲಿ ಬರೆದರು. ಕೆಲಸ ನೋಡಿದರೆ ಅಲ್ಲಿನ ವಲಸಿಗರೂ ಕಾರ್ಮಿಕರು, ಬಿಳಿಯರಲ್ಲೂ ಬಹಳಷ್ಟು ಮಂದಿ ಕಾರ್ಮಿಕರು. ಆದರೆ ನಗರಾಡಳಿತದ ಮನೆಗೆ ಅರ್ಜಿ ಹಾಕಲು ಐದು ವರ್ಷ ಆ ನಗರದಲ್ಲೇ ವಾಸವಿರಬೇಕಿತ್ತು. ಹೊಸಬರಿಗೆ ಗೃಹಸಾಲವೂ ಸುಲಭವಾಗಿ ಹುಟ್ಟುತ್ತಿರಲಿಲ್ಲ. ಕೆಲವರು ದುಬಾರಿ ಸಾಲ ಮಾಡಿ ದೊಡ್ಡ ಹಳೇ ಮನೆ ಕೊಂಡರು. ಸಾಲ ತೀರಿಸಲು ಕೋಣೆ ಕೋಣೆಯನ್ನೂ ಬಾಡಿಗೆಗೆ ಕೊಟ್ಟರು. ಕೊನೆಗೆ ಮನೆಗಳು ಕಿಕ್ಕಿರಿದವು ಎಂಬ ದೂರು ಬಂದದ್ದೂ ಅವರ ಮೇಲೆಯೇ. ಕೆಲಸ ನೋಡಿ ವರ್ಗ ಗುರುತಿಸಿದರೆ ಇದು ಅರ್ಥವಾಗದು ಎಂದು ರೆಕ್ಸ್ ಮತ್ತು ಮೂರ್ 'ವಸತಿ ವರ್ಗ' ಎಂಬ ಮಾತು ತಂದರು. ಅಂದರೆ ಮನೆ ಸಿಗುವ ದಾರಿ ನೋಡಿ ಜನರನ್ನು ವಿಂಗಡಿಸುವುದು. ಅದಕ್ಕೂ ಟೀಕೆ ಬಂತು. ಆದರೆ ಮನೆ ಯಾರಿಗೆ, ಯಾವ ನಿಯಮದಿಂದ ಸಿಗುತ್ತದೆ ಎಂಬ ಅವರ ಪ್ರಶ್ನೆ ನನಗೆ ಇವತ್ತಿಗೂ ಜಾಸ್ತಿ ಉಪಯುಕ್ತ ಅನಿಸುತ್ತದೆ. ಜನಾಂಗ, ಧರ್ಮ, ಲಿಂಗ ಇವನ್ನು ಬಿಟ್ಟು ಬರೀ ವರ್ಗದಿಂದ ನಗರ ಓದಲಾಗದು. ಅದನ್ನು ಒಪ್ಪುತ್ತೇನೆ.

ಇನ್ನು ನಿಮ್ಮ ಆನ್‌ಲೈನ್ ಫಾರಂ. 2011ರಲ್ಲಿ ಬಿಬಿಸಿ ಬ್ರಿಟನ್ನಿನಲ್ಲಿ ಇಂಥದ್ದೇ ವರ್ಗ ಸಮೀಕ್ಷೆ ನಡೆಸಿತು. 1,60,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಅವರಲ್ಲಿ ಓದಿದವರು, ಅನುಕೂಲಸ್ಥರೇ ಜಾಸ್ತಿ. ಹಾಗಾಗಿ ಇಡೀ ದೇಶವನ್ನು ಪ್ರತಿನಿಧಿಸುವ ಸುಮಾರು ಸಾವಿರ ಜನರನ್ನು ಬೇರೆಯಾಗಿ ಆರಿಸಿ ಸಂದರ್ಶಿಸಬೇಕಾಯಿತು. ಫಾರಂ ಹಂಚುವ ಮೊದಲು ಇದನ್ನು ಯೋಚಿಸಿ. ಮತ್ತೆ, ಆದಾಯದ ಜತೆಗೆ ಮನೆ ಯಾರ ಹೆಸರಲ್ಲಿದೆ, ಖಾಲಿ ಮಾಡಿಸುವ ಅಧಿಕಾರ ಯಾರಿಗಿದೆ ಎಂದೂ ಕೇಳಿ.

– ಸಂಪಾದಕ