ನಿಮ್ಮ ಲೇಖನದ ಮೂರನೇ ಪುಟ

ಪ್ರಿಯರೇ, ನಮಸ್ಕಾರ.

ಅಮೆರಿಕದ ಕನ್ಸರ್ವೇಟಿವ್ ಬ್ಲಾಗರ್‌ಗಳ ಬಗ್ಗೆ ನೀವು ಕಳಿಸಿದ ‘ಪೈಜಾಮಾ ಸೇನೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಮೂರನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದನ್ನು ಹೊರಗೆ ತರಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳಲ್ಲಿ ‘ಕ್ರಾಂತಿ’ ಅನ್ನುವ ಪದ ಹನ್ನೊಂದು ಸಲ ಬಂದಿದೆ. ‘ಮಾಧ್ಯಮದ ಕೋಟೆ ಕುಸಿಯಿತು’ ಎಂದು ಮೂರು ಕಡೆ ಬರೆದಿದ್ದೀರಿ. ಯಾರು, ಯಾವತ್ತು, ಏನು ಮಾಡಿದ್ದರಿಂದ ಕುಸಿಯಿತು ಅನ್ನುವುದು ಎಲ್ಲೂ ಇಲ್ಲ. ಓದುವವರಿಗೆ ನಿಮ್ಮ ಉತ್ಸಾಹ ಕಾಣುತ್ತದೆ, ಘಟನೆ ಕಾಣುವುದಿಲ್ಲ. ಆಮೇಲೆ ಮೂರನೇ ಪುಟಕ್ಕೆ ಬಂದರೆ, ಅಮೆರಿಕದ ಟಿವಿ ಚಾನೆಲ್ ಸಿಬಿಎಸ್‌ನ ಪ್ರಕರಣಕ್ಕೆ ಬರೀ ಐದು ಸಾಲು! ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ.

2004ರ ಸೆಪ್ಟೆಂಬರ್ 8, ಬುಧವಾರ ರಾತ್ರಿ. ಅಧ್ಯಕ್ಷ ಜಾರ್ಜ್ ಬುಷ್ ಮತ್ತೆ ಸ್ಪರ್ಧಿಸಿದ್ದ ಚುನಾವಣೆಗೆ ಎರಡು ತಿಂಗಳು ಬಾಕಿ. ಸಿಬಿಎಸ್ ಚಾನೆಲ್‌ನಲ್ಲಿ ಸುದ್ದಿ ನಿರೂಪಕ ಡ್ಯಾನ್ ರಾದರ್ ಕೆಲವು ಕಾಗದಗಳನ್ನು ತೋರಿಸಿದರು. 1972-73ರಲ್ಲಿ ರಾಜ್ಯದ ಮೀಸಲು ವಾಯುಪಡೆಯಾದ ಟೆಕ್ಸಾಸ್ ಏರ್ ನ್ಯಾಷನಲ್ ಗಾರ್ಡ್‌ನ ಅಧಿಕಾರಿ ಜೆರ್ರಿ ಕಿಲಿಯನ್ ಬರೆದವು ಅಂದರು. ಯುವಕ ಜಾರ್ಜ್ ಬುಷ್ ಅಲ್ಲಿ ಕರ್ತವ್ಯ ಸರಿಯಾಗಿ ಮಾಡಲಿಲ್ಲ, ಅವರನ್ನು ಕಾಪಾಡಲು ಮೇಲಿನಿಂದ ಒತ್ತಡ ಇತ್ತು ಎನ್ನುವುದು ಅವುಗಳ ಸಾರ. ಕಿಲಿಯನ್ 1984ರಲ್ಲೇ ತೀರಿಕೊಂಡಿದ್ದರು. ಅವರನ್ನು ಕೇಳುವ ಹಾಗಿರಲಿಲ್ಲ. ಇದ್ದದ್ದು ಕಾಗದ ಮಾತ್ರ.

ಅದೇ ರಾತ್ರಿ ಫ್ರೀ ರಿಪಬ್ಲಿಕ್ ಎಂಬ ತಾಣದಲ್ಲಿ ‘ಬಕ್‌ಹೆಡ್’ ಅಂತ ಹೆಸರಿಟ್ಟುಕೊಂಡ ಒಬ್ಬರು, ಇದು ಆ ಕಾಲದ ಟೈಪ್‌ರೈಟರ್‌ನ ಅಕ್ಷರ ಅಲ್ಲ ಎಂದು ಬರೆದರು. ಇದನ್ನು ನೀವು ‘ತಾಂತ್ರಿಕ ಕಾರಣಗಳಿಂದ’ ಎಂದು ಎರಡೇ ಪದದಲ್ಲಿ ಮುಗಿಸಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಟೈಪಿಂಗ್ ಶಾಲೆಗೆ ಹೋಗಿ ಜೂನಿಯರ್ ಪರೀಕ್ಷೆ ಪಾಸು ಮಾಡಿದವನು. ಇಂಗ್ಲಿಷ್ ಟೈಪ್‌ರೈಟರ್‌ನಲ್ಲಿ ಸಣಕಲು ‘ಐ’ಗೂ ದಪ್ಪ ‘ಎಂ’ಗೂ ಒಂದೇ ಅಗಲದ ಜಾಗ. ಕೋರ್ಟ್ ಎದುರು ಕೂತು ಟೈಪ್ ಮಾಡುವವರ ಕಾಗದ ನೋಡಿದವರಿಗೆಲ್ಲ ಇದು ಗೊತ್ತು. ಸಿಬಿಎಸ್ ತೋರಿಸಿದ ಕಾಗದದಲ್ಲಿ ಅಕ್ಷರಕ್ಕೆ ತಕ್ಕ ಹಾಗೆ ಜಾಗ ಹೆಚ್ಚು ಕಮ್ಮಿ ಆಗಿತ್ತು. ಅನುಮಾನ ಬಂದದ್ದೇ ಅಲ್ಲಿಂದ. ಅಂಥ ಯಂತ್ರಗಳು ಆಗಲೂ ಕೆಲವು ಇದ್ದವು, ಅದನ್ನೂ ಹೇಳಿ. ಆದರೆ ಸೇನಾ ಕಚೇರಿಯ ಮಾಮೂಲಿ ಟಿಪ್ಪಣಿಗೆ ಅವು ಬಳಕೆಯಲ್ಲಿದ್ದವಾ ಅನ್ನುವುದೇ ಪ್ರಶ್ನೆ.

ಮರುದಿನ ಬೆಳಿಗ್ಗೆ ಪವರ್‌ಲೈನ್ ಬ್ಲಾಗ್ ಈ ಮಾತನ್ನು ಎತ್ತಿಕೊಂಡಿತು. ಅದನ್ನು ನಡೆಸುತ್ತಿದ್ದವರು ಮೂವರು ವಕೀಲರು. ಓದುಗರಿಂದ ಮೇಲ್ ಮೇಲೆ ಮೇಲ್ ಬಂದವು. ಲಾಸ್ ಏಂಜಲೀಸ್‌ನ ಚಾರ್ಲ್ಸ್ ಜಾನ್ಸನ್ ತಮ್ಮ ‘ಲಿಟಲ್ ಗ್ರೀನ್ ಫುಟ್‌ಬಾಲ್ಸ್’ ಬ್ಲಾಗ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಟಿಪ್ಪಣಿಯನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ, ಏನೂ ಬದಲಾಯಿಸದೆ, ಹಾಗೇ ಟೈಪ್ ಮಾಡಿದರು. ಸಿಬಿಎಸ್ ಪ್ರತಿಯ ಮೇಲೆ ಇಟ್ಟು ನೋಡಿದರೆ ಸಾಲಿಗೆ ಸಾಲು ಕೂತಿತು. ಈ ಚಿತ್ರ ಓದುಗರ ಕಣ್ಣ ಮುಂದೆ ಬರಬೇಕು. ಹನ್ನೊಂದು ‘ಕ್ರಾಂತಿ’ಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಸೆಪ್ಟೆಂಬರ್ 20ಕ್ಕೆ ಸಿಬಿಎಸ್, ಈ ಕಾಗದಗಳು ಅಸಲಿ ಎಂದು ತೋರಿಸಲು ನಮ್ಮಿಂದ ಆಗುವುದಿಲ್ಲ ಎಂದು ಒಪ್ಪಿಕೊಂಡಿತು. 2005ರ ಜನವರಿಯಲ್ಲಿ ವಿಚಾರಣಾ ಸಮಿತಿಯ ವರದಿ ಬಂತು. ನಿರ್ಮಾಪಕಿ ಮೇರಿ ಮೇಪ್ಸ್ ಕೆಲಸ ಕಳೆದುಕೊಂಡರು. ಮಾರ್ಚ್‌ನಲ್ಲಿ ರಾದರ್ ಸಂಜೆ ಸುದ್ದಿಯ ಕುರ್ಚಿ ಬಿಟ್ಟರು. ಇಲ್ಲಿ ನೀವು ಎರಡು ಕಡೆ ಎಡವಿದ್ದೀರಿ. ಒಂದು, ‘ಬುಷ್ ನಿರ್ದೋಷಿ ಎಂದು ಸಾಬೀತಾಯಿತು’ ಎಂದಿದ್ದೀರಿ. ಕಾಗದ ನಂಬುವಂಥದ್ದಲ್ಲ ಅನ್ನುವುದು ಬೇರೆ, ಬುಷ್ ಸೇವೆ ಪೂರ್ತಿ ಮಾಡಿದರು ಅನ್ನುವುದು ಬೇರೆ. ಕಾಗದಗಳು ನಕಲಿ ಎಂದು ಆ ಸಮಿತಿ ಕೂಡ ಖಡಾಖಂಡಿತವಾಗಿ ಹೇಳಲಿಲ್ಲ. ಸರಿಯಾಗಿ ಪರಿಶೀಲಿಸದೆ ಪ್ರಸಾರ ಮಾಡಿದ್ದು ತಪ್ಪು ಎಂದಿತು. ಎರಡು, ‘ಚುನಾವಣೆ ಗೆಲ್ಲಿಸಿದ್ದು ಬ್ಲಾಗರ್‌ಗಳೇ’ ಎಂಬ ಸಾಲು. ಅದಕ್ಕೆ ನಿಮ್ಮ ಹತ್ತಿರ ಏನು ಆಧಾರ ಇದೆ? ಅದನ್ನು ಹೊಡೆದು ಹಾಕಿದ್ದೇನೆ.

ಪದದ ವಿಷಯ ಒಂದು. ಕನ್ಸರ್ವೇಟಿವ್ ಅನ್ನುವುದಕ್ಕೆ ನೀವು ಎಲ್ಲ ಕಡೆ ‘ಸಂಪ್ರದಾಯಸ್ಥ’ ಎಂದು ಬಳಸಿದ್ದೀರಿ. ನಮ್ಮ ಓದುಗರಿಗೆ ಸಂಪ್ರದಾಯಸ್ಥ ಅಂದ ಕೂಡಲೇ ಮಡಿ, ಮೈಲಿಗೆ, ಜಾತಕ ನೆನಪಾಗುತ್ತವೆ. ಅಲ್ಲಿಯವರ ಚಿಂತೆ ಬೇರೆ: ತೆರಿಗೆ ಕಡಿಮೆ ಇರಬೇಕು, ಸರ್ಕಾರ ಚಿಕ್ಕದಾಗಿರಬೇಕು, ಬಂದೂಕು ಇಟ್ಟುಕೊಳ್ಳುವ ಹಕ್ಕು, ಚರ್ಚ್, ಗರ್ಭಪಾತಕ್ಕೆ ವಿರೋಧ. ಅವರಲ್ಲೂ ಎಲ್ಲರೂ ಎಲ್ಲವನ್ನೂ ಒಪ್ಪುವುದಿಲ್ಲ. ಹಾಗಾಗಿ ಕನ್ಸರ್ವೇಟಿವ್ ಅಂತಲೇ ಇಟ್ಟು, ಒಂದು ಸಲ ಅರ್ಥ ಬಿಡಿಸಿ ಹೇಳಿದರೆ ಸಾಕು.

ನಾಲ್ಕನೇ ಪುಟದ ‘ಪೋರ್ಕ್‌ಬಸ್ಟರ್ಸ್’ (ಸರ್ಕಾರದ ದುಂದುವೆಚ್ಚದ ವಿರುದ್ಧ ಬ್ಲಾಗರ್‌ಗಳ ಅಭಿಯಾನ) ಭಾಗ ನನಗೆ ಇಷ್ಟ ಆಯಿತು. ಅದನ್ನು ಇನ್ನಷ್ಟು ಬೆಳೆಸಿ. ಕ್ಷೇತ್ರಕ್ಕೆ ಅನುದಾನ ತಂದೆ ಎಂದು ಶಾಸಕರು ಹಾಕಿಸುವ ಫ್ಲೆಕ್ಸ್ ನೋಡಿದ ನಮ್ಮವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಲಾಸ್ಕಾದಲ್ಲಿ ಸುಮಾರು 50 ಜನ ಇರುವ ಗ್ರಾವಿನಾ ದ್ವೀಪಕ್ಕೆ ಸೇತುವೆ ಕಟ್ಟಲು 22 ಕೋಟಿ ಡಾಲರ್‌ಗೂ ಜಾಸ್ತಿ ಹಣ ಇಟ್ಟಿದ್ದರು. ಅಂಥ ಖರ್ಚುಗಳ ವಿರುದ್ಧ 2005ರಲ್ಲಿ, ಕತ್ರಿನಾ ಚಂಡಮಾರುತದ ನಂತರ, ಟೆನೆಸಿಯ ಕಾನೂನು ಪ್ರಾಧ್ಯಾಪಕ ಗ್ಲೆನ್ ರೆನಾಲ್ಡ್ಸ್ ಮತ್ತು ಜೊತೆಯ ಬ್ಲಾಗರ್‌ಗಳು ದನಿ ಎತ್ತಿದರು. ಆಗ ಸಂಸತ್ತು, ಶ್ವೇತಭವನ ಎರಡೂ ರಿಪಬ್ಲಿಕನ್ನರ ಕೈಯಲ್ಲಿದ್ದವು. ಅಂದರೆ ತಮ್ಮ ಓದುಗರು ವೋಟು ಹಾಕಿದ ಪಕ್ಷವನ್ನೇ ಅವರು ಲೆಕ್ಕ ಕೇಳಿದ್ದು.

2006ರಲ್ಲಿ ಸೆನೆಟರ್‌ಗಳಾಗಿದ್ದ ರಿಪಬ್ಲಿಕನ್ ಟಾಮ್ ಕೋಬರ್ನ್ ಮತ್ತು ಡೆಮಾಕ್ರಟ್ ಬರಾಕ್ ಒಬಾಮ, ಸರ್ಕಾರದ ಖರ್ಚನ್ನೆಲ್ಲ ಜನ ಹುಡುಕಿ ನೋಡುವಂತೆ ಮಾಡುವ ಮಸೂದೆ ತಂದರು. ಯಾರೋ ಸೆನೆಟರ್ ಹೆಸರು ಹೇಳದೆ ಅದನ್ನು ತಡೆದಿಟ್ಟರು. ಆಗ ಬಲದ ಬ್ಲಾಗ್‌ಗಳು, ಎಡದ ಬ್ಲಾಗ್‌ಗಳು ಎರಡೂ ಸೇರಿ ಓದುಗರಿಗೆ ಒಂದೇ ಕೆಲಸ ಕೊಟ್ಟವು: ನಿಮ್ಮ ಸೆನೆಟರ್ ಕಚೇರಿಗೆ ಫೋನ್ ಮಾಡಿ, ತಡೆದದ್ದು ನೀವಾ ಅಂತ ಕೇಳಿ. ಅಲ್ಲ ಎಂದವರ ಹೆಸರನ್ನು ಒಂದೊಂದಾಗಿ ಹೊಡೆಯುತ್ತಾ ಬಂದರು. ಕೊನೆಗೆ ಅಲಾಸ್ಕಾದ ಟೆಡ್ ಸ್ಟೀವನ್ಸ್ ಹೆಸರು ಹೊರಬಿತ್ತು. ಸೆಪ್ಟೆಂಬರ್ 26ಕ್ಕೆ ಬುಷ್ ಸಹಿ ಹಾಕಿದರು. ಈ ಫೋನ್ ಕರೆಗಳ ಕಥೆ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ!

ಈಗ ನನಗೆ ನಿಜವಾಗಿ ನೋವಾದ ವಿಷಯ. ನೀವು ಕನ್ಸರ್ವೇಟಿವ್ ತಾಣ ನಡೆಸುತ್ತಿದ್ದ ಆಂಡ್ರ್ಯೂ ಬ್ರೈಟ್‌ಬಾರ್ಟ್‌ಗೆ ಒಂದಿಡೀ ಪುಟ ಕೊಟ್ಟಿದ್ದೀರಿ, ಶರ್ಲಿ ಶೆರೋಡ್ ಹೆಸರು ಒಂದು ಸಲವೂ ಬಂದಿಲ್ಲ. ಜೊತೆಗಿನ ಪತ್ರದಲ್ಲಿ ‘ಕೆಲವು ತಪ್ಪುಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಎದುರಿನವರ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ’ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ.

2010ರ ಜುಲೈ 19. ಜಾರ್ಜಿಯಾದಲ್ಲಿ ಕೃಷಿ ಇಲಾಖೆಯ ಅಧಿಕಾರಿಯಾಗಿದ್ದ ಶೆರೋಡ್ ಅವರ ಭಾಷಣದ ತುಣುಕನ್ನು ಬ್ರೈಟ್‌ಬಾರ್ಟ್ ತಮ್ಮ ತಾಣದಲ್ಲಿ ಹಾಕಿದರು. ಬಿಳಿಯ ರೈತನೊಬ್ಬನಿಗೆ ಪೂರ್ತಿ ಸಹಾಯ ಮಾಡಲು ಮನಸ್ಸಾಗಲಿಲ್ಲ ಎಂದು ಈ ಕಪ್ಪು ಮಹಿಳೆ ಹೇಳುವುದು ಅದರಲ್ಲಿತ್ತು. ಅದೇ ದಿನ ಇಲಾಖೆ ಶೆರೋಡ್ ಅವರಿಂದ ರಾಜೀನಾಮೆ ಪಡೆಯಿತು. ಮರುದಿನ ಸುಮಾರು 43 ನಿಮಿಷದ ಪೂರ್ತಿ ಭಾಷಣ ಹೊರಬಂತು. ಅವರು ಹೇಳುತ್ತಿದ್ದದ್ದು 24 ವರ್ಷ ಹಿಂದಿನ ಮಾತು. ತನ್ನ ತಂದೆಯನ್ನು ಬಿಳಿಯನೊಬ್ಬ ಕೊಂದದ್ದು, ತನ್ನ ಮನಸ್ಸಿನಲ್ಲಿದ್ದ ಕಹಿ, ಆ ರೈತನ ಕಷ್ಟ ನೋಡಿ ಆ ಕಹಿ ಕರಗಿದ್ದು, ಇದು ಬಣ್ಣದ ಪ್ರಶ್ನೆಯಲ್ಲ, ಬಡತನದ್ದು ಎಂದು ಅರಿತದ್ದು. ಆ ರೈತ ದಂಪತಿಯೇ ಮುಂದೆ ಬಂದು, ನಮ್ಮ ಜಮೀನು ಉಳಿದದ್ದು ಇವರಿಂದ ಎಂದರು. ಕೃಷಿ ಕಾರ್ಯದರ್ಶಿ ಟಾಮ್ ವಿಲ್ಸ್ಯಾಕ್ ಕ್ಷಮೆ ಕೇಳಿದರು.

ಸಿಬಿಎಸ್ ಮಾಡಿದ ತಪ್ಪೇ ಇದು, ಅಲ್ವಾ? ಕೈಗೆ ಸಿಕ್ಕಿದ್ದನ್ನು ಪೂರ್ತಿ ನೋಡದೆ ಹಾಕಿದ್ದು. ನೀವು ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿ ಎರಡನೆಯದನ್ನು ಮುಚ್ಚಿಟ್ಟರೆ, ಮೊದಲನೆಯದರ ಬಗ್ಗೆ ಬರೆದದ್ದನ್ನೂ ಯಾರೂ ನಂಬುವುದಿಲ್ಲ. ನೀವು ಆ ಪಂಥದ ಕಡೆಯವರು ಅನ್ನುವುದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಒಲವು ಹಾಗೇ ಇರಲಿ. ಶೆರೋಡ್ ಪ್ರಸಂಗವನ್ನು ಸಿಬಿಎಸ್ ಪ್ರಸಂಗದಷ್ಟೇ ಉದ್ದ ಬರೆಯಿರಿ.

ಶೀರ್ಷಿಕೆ ಬದಲಾಯಿಸಬೇಡಿ. ಆದರೆ ಅದರ ಮೂಲ ಹೇಳಿ. ಆ ಸೆಪ್ಟೆಂಬರ್‌ನಲ್ಲಿ ಸಿಬಿಎಸ್‌ನ ಮಾಜಿ ಅಧಿಕಾರಿ ಜೊನಾಥನ್ ಕ್ಲೈನ್, ಟಿವಿ ಸುದ್ದಿಯಲ್ಲಿ ಹಲವು ಹಂತದ ಪರಿಶೀಲನೆ ಇರುತ್ತದೆ, ಬ್ಲಾಗರ್ ಅಂದರೆ ಮನೆಯಲ್ಲಿ ಪೈಜಾಮಾ ಹಾಕಿಕೊಂಡು ಬರೆಯುವವನು ಎಂಬರ್ಥದ ಮಾತಾಡಿದ್ದರು. ಅದನ್ನು ಟೈಪ್‌ರೈಟರ್ ಭಾಗದ ಪಕ್ಕದಲ್ಲೇ ಇಡಿ. ಮೊದಲ ಎರಡು ಪುಟ ತೆಗೆದುಹಾಕಿ, ಬುಧವಾರ ರಾತ್ರಿಯಿಂದ ಶುರು ಮಾಡಿ. ಒಂದು ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟುಕೊಂಡಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ