ತರಗತಿಯ ಕಂಪ್ಯೂಟರಿನಲ್ಲಿ ಅಶ್ಲೀಲ ಪಾಪ್‌ಅಪ್ ಬಂದಿದ್ದಕ್ಕೆ ಅಮೆರಿಕದಲ್ಲಿ ಶಿಕ್ಷಕಿಯೊಬ್ಬರು ಜೈಲಿಗೆ ಹೋದರು ಅನ್ನೋದು ನಿಜವೇ?

ಜೈಲಿಗೆ ಹೋಗಲಿಲ್ಲ. ಆದರೆ ಅಪರಾಧಿ ಎಂಬ ತೀರ್ಪು ಬಂದದ್ದು ನಿಜ.

2004ರ ಅಕ್ಟೋಬರ್, ಕನೆಕ್ಟಿಕಟ್ ರಾಜ್ಯದ ನಾರ್ವಿಚ್. ರಜೆಯಲ್ಲಿದ್ದ ಶಿಕ್ಷಕರ ಬದಲಿಗೆ ಬಂದವರು ಈಕೆ. ಕೇಶವಿನ್ಯಾಸದ ಜಾಲತಾಣವೊಂದು ತೆರೆದ ಮೇಲೆ ಅಶ್ಲೀಲ ಚಿತ್ರಗಳು ಒಂದರ ಮೇಲೊಂದು ತೆರೆದುಕೊಂಡವು. ಮುಚ್ಚಿದರೂ ರಕ್ತಬೀಜಾಸುರನಂತೆ ಮತ್ತೆ ಹುಟ್ಟುತ್ತಿದ್ದವು. ಮಕ್ಕಳು ನೋಡಿದರು, ದೂರು ಹೋಯಿತು. 2007ರ ಜನವರಿಯಲ್ಲಿ ಜ್ಯೂರಿ, ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ನಾಲ್ಕು ಆರೋಪಗಳಲ್ಲೂ ಈಕೆ ತಪ್ಪಿತಸ್ಥೆ ಎಂದಿತು. ಗರಿಷ್ಠ ಶಿಕ್ಷೆ 40 ವರ್ಷ!

ತನಿಖೆ ಎಡವಿದ್ದು ಇಲ್ಲಿ. ಯಾವ ಪುಟ ಯಾವಾಗ ತೆರೆಯಿತು ಎಂದು ಬ್ರೌಸರ್ ದಾಖಲೆ ಹೇಳುತ್ತದೆ. ಅದನ್ನು ಮನುಷ್ಯರು ಕ್ಲಿಕ್ ಮಾಡಿ ತೆರೆದರೋ, ಜಾಹೀರಾತಿನ ಸ್ಕ್ರಿಪ್ಟ್ ತಾನೇ ತೆರೆಯಿತೋ ಎಂಬುದು ಅದರಿಂದಷ್ಟೇ ಗೊತ್ತಾಗದು. ಅದು ವಿಂಡೋಸ್ 98ರ ಹಳೇ ಯಂತ್ರ. ಆ್ಯಂಟಿವೈರಸ್ ಅಪ್‌ಡೇಟ್ ಆಗಿರಲಿಲ್ಲ, ಅಶ್ಲೀಲ ತಾಣಗಳನ್ನು ತಡೆಯುವ ಶಾಲೆಯ ಫಿಲ್ಟರ್‌ನ ಪರವಾನಗಿಯೂ ಮುಗಿದಿತ್ತು. ಪೊಲೀಸರು ಸ್ಪೈವೇರ್ (ಗೊತ್ತಿಲ್ಲದೆ ಕಂಪ್ಯೂಟರಿಗೆ ನುಸುಳುವ ತಂತ್ರಾಂಶ) ಇದೆಯೇ ಎಂದು ಹುಡುಕಲೇ ಇಲ್ಲ. ಭದ್ರತಾ ತಜ್ಞರು ಸಂಬಳವಿಲ್ಲದೆ ಹಾರ್ಡ್‌ಡಿಸ್ಕ್ ಪರೀಕ್ಷಿಸಿ, ಈಕೆಯೇ ಬೇಕೆಂದು ಕ್ಲಿಕ್ ಮಾಡಿದ್ದು ಎಂಬ ಪ್ರಾಸಿಕ್ಯೂಷನ್ ವಾದ ನಿಲ್ಲದು ಎಂದು ತೋರಿಸಿದರು.

2007ರ ಜೂನ್‌ನಲ್ಲಿ ನ್ಯಾಯಾಧೀಶರು ತೀರ್ಪು ರದ್ದುಮಾಡಿ ಮರುವಿಚಾರಣೆಗೆ ಆದೇಶಿಸಿದರು. ಅದು ನಡೆಯಲಿಲ್ಲ. 2008ರ ನವೆಂಬರ್‌ನಲ್ಲಿ ರಾಜಿ: ಅನುಚಿತ ವರ್ತನೆಯ ಸಣ್ಣ ಆರೋಪ ಒಪ್ಪಿಕೊಂಡು 100 ಡಾಲರ್ ಕಟ್ಟಿದರು, ಬೋಧನಾ ಪರವಾನಗಿಯನ್ನೂ ಬಿಟ್ಟುಕೊಟ್ಟರು. ಇದನ್ನು ಗೆಲುವು ಎನ್ನುವವರಿದ್ದಾರೆ. ನಾನಂತೂ ಒಪ್ಪಲಾರೆ: ಫಿಲ್ಟರ್ ನವೀಕರಿಸದ ಆಡಳಿತದ ಮೇಲೆ ಕೇಸೇ ಇರಲಿಲ್ಲ, ಕೆಲಸ ಹೋದದ್ದು ಈಕೆಯದು.